ಸೊನ್ನೆ ಸೇರಿಸಿ ಮಾತಾಡಿ

ನಮ್ಮಜ್ಜಿಗೆ ಸೆಲ್ ಅಂದರೆ ಬ್ಯಾಟರಿಗೆ ಹಾಕುವ ಸೆಲ್ಲು. ಬ್ಯಾಟರಿ ಅಂದರೆ ನಮ್ಮ ರಾಯಚೂರು ಕಡೆ ಟಾರ್ಚು. ಒಂದು ಮಧ್ಯಾಹ್ನ ಅಪ್ಪ ಗಂಜ್ ಮಾರುಕಟ್ಟೆಯಿಂದ ಊಟಕ್ಕೆ ಬಂದವರು ಕೈಕಾಲು ತೊಳೆಯುವ ಮೊದಲೇ, "ಸೆಲ್‌ವನ್ ಬಂದದ, ಅರ್ಜಿ ಹಾಕಿ ಬಂದೆ" ಅಂದರು. ಅಜ್ಜಿ ರೊಟ್ಟಿ ಮುರಿಯುತ್ತಾ, "ನಮ್ಮ ಬ್ಯಾಟರಿಗೆ ಮೂರು ಬೇಕು, ಇದಕ್ಕ ಒಂದೇ ಸಾಕೇನೋ?" ಅಂದಳು. ಸೆಲ್‌ವನ್ ಅಂದರೆ ಸರ್ಕಾರಿ ಕಂಪನಿ ಬಿಎಸ್‌ಎನ್‌ಎಲ್‌ನ ಮೊಬೈಲು.

ಅಪ್ಪ ಗಂಜ್‌ನ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಹತ್ತಿ ಮತ್ತು ಶೇಂಗಾದ ರೇಟು ದಿನಾ ಏರಿಳಿಯುವುದನ್ನು ನೋಡಿದವರು. ಯಾವುದನ್ನೂ ಸುಲಭಕ್ಕೆ ನಂಬುವ ಗಿರಾಕಿಯಲ್ಲ. ದೇಶದಲ್ಲಿ ಮೊಬೈಲ್ ಮಾತು ಶುರುವಾಗಿದ್ದು 1995ರ ಜುಲೈ 31ರಂದು. ಕೋಲ್ಕತ್ತಾದಿಂದ ಪಶ್ಚಿಮ ಬಂಗಾಳದ ಆಗಿನ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಂ ಜೊತೆ ಮಾತಾಡಿದ್ದರು. ಅದಾದ ಮೇಲೆ ಏಳು ವರ್ಷ ಖಾಸಗಿ ಕಂಪನಿಗಳು ಎಷ್ಟು ಜಾಹೀರಾತು ಕೊಟ್ಟರೂ ಅಪ್ಪ ಜಗ್ಗಲಿಲ್ಲ. ಅವರ ವಾದ ಇಷ್ಟೇ: "ತಂತಿ ಇಲ್ಲ, ಕಂಬ ಇಲ್ಲ. ನಾಳೆ ಓಡಿಹೋದರೆ ಏನು ಹಿಡಕೊಂಡು ಕೂಡಬೇಕು?"

2002ರ ಅಕ್ಟೋಬರ್ 19ರಂದು ಪ್ರಧಾನಿ ವಾಜಪೇಯಿ ಲಕ್ನೋದಲ್ಲಿ ಬಿಎಸ್‌ಎನ್‌ಎಲ್‌ನ ಮೊಬೈಲ್ ಸೇವೆ ಶುರುಮಾಡಿದರು. ಆಗ ಅಪ್ಪನ ವಾದ ಬಿದ್ದುಹೋಯಿತು. ಇದಕ್ಕೆ ಕಂಬ ಇತ್ತು! ನಮ್ಮ ಮನೆ ಎದುರಿಗೇ ಇತ್ತು, ಅದಕ್ಕೆ ಪಕ್ಕದ ಮನೆಯವರ ಎಮ್ಮೆ ಕಟ್ಟುತ್ತಿದ್ದರು. ದೂರಸಂಪರ್ಕ ಇಲಾಖೆಯ ಫೋನಿನ ಕೆಲಸ ಬಿಎಸ್‌ಎನ್‌ಎಲ್‌ಗೆ ಹೋಗಿ ಆಗಲೇ ಎರಡು ವರ್ಷ ಕಳೆದಿತ್ತು. ಅಪ್ಪನ ಬಾಯಲ್ಲಿ ಮಾತ್ರ ಅದು ಇವತ್ತಿಗೂ 'ಟೆಲಿಫೋನ್ ಆಫೀಸು'. ಟೆಲಿಫೋನ್ ಆಫೀಸಿನವರು ಸೆಲ್ ಕೊಡುತ್ತಾರೆ ಅಂದರೆ, ನೋಡಿದ ಮನೆಯಿಂದ ಹೆಣ್ಣು ತಂದ ಹಾಗೆ. ಗೋತ್ರ ಗೊತ್ತಿದೆ, ವಿಚಾರಿಸುವುದು ಏನಿದೆ?

ಇಷ್ಟಕ್ಕೂ ಮನೆಯ ಫೋನಿನ ಮರ್ಯಾದೆ ಆಗ ಸಣ್ಣದಾಗಿರಲಿಲ್ಲ. ಓಣಿಯಲ್ಲಿ ಮೂರೇ ಮನೆಗೆ ಫೋನಿತ್ತು. ನಮ್ಮ ನಂಬರು ಎಷ್ಟು ಜನರ ಲಗ್ನಪತ್ರಿಕೆಯಲ್ಲಿ ಅಚ್ಚಾಗಿದೆಯೋ ಲೆಕ್ಕವಿಲ್ಲ. ಪಕ್ಕದಲ್ಲಿ ಕಂಸದೊಳಗೆ 'ಪಿ.ಪಿ.' ಅಂತ ಇರುತ್ತಿತ್ತು, ಅಂದರೆ ಬೇರೆಯವರ ಮನೆ ಫೋನು, ಕರೆದುಕೊಡುತ್ತಾರೆ ಅಂತ ಅರ್ಥ. ಕರೆಯುವ ಕೆಲಸ ನನ್ನದು. ಸಂಜೆ ಹೊತ್ತಿಗೆ ಬಾಗಿಲಲ್ಲಿ ಯಾರಾದರೂ ನಿಂತು, "ಅಕ್ಕಾರ, ನಮ್ಮ ಫೋನ್ ಏನರ ಬಂದಿತ್ತೇನ್ರಿ?" ಅಂತ ಕೇಳುವುದು ಮಾಮೂಲು. ಫೋನು ನಮ್ಮದು, ಕಾಲ್ ಅವರದು. ಅಮ್ಮ ಅವರಿಗೆ ಚಹಾ ಕೊಟ್ಟು ಕೂರಿಸುತ್ತಿದ್ದಳು. ಮಾತು ಮುಗಿದ ಮೇಲೆ ಅತ್ತುಕೊಂಡು ಕೂತವರೂ ಇದ್ದರು. ಆಗ ಎರಡನೇ ಚಹಾ.

ಸಿಮ್ ತರಲು ನಾನೂ ಅಪ್ಪನ ಜೊತೆ ಹೋಗಿದ್ದೆ. ಸಾಲು ಗೇಟಿನವರೆಗೆ ಬಂದಿತ್ತು. ಎಲ್ಲರ ಕೈಯಲ್ಲೂ ರೇಷನ್ ಕಾರ್ಡಿನ ಜೆರಾಕ್ಸ್ ಮತ್ತು ಒಂದೊಂದು ಫೋಟೋ. ಅಪ್ಪ ಎಂದೋ ತೆಗೆಸಿದ, ಕಪ್ಪು ಮೀಸೆಯ ಫೋಟೋ ತಂದಿದ್ದರು. ಕೌಂಟರಿನವರು ಫೋಟೋ ನೋಡಿ, ಅಪ್ಪನನ್ನು ನೋಡಿ, ನನ್ನನ್ನು ನೋಡಿ, "ಇವರು ಬಂದಿಲ್ಲೇನ್ರಿ?" ಅಂತ ಕೇಳಿದರು. ಕೊನೆಗೆ ಉಗುರಿನಷ್ಟು ಚೀಟಿ ಕೈಗೆ ಬಂತು. 9448 ಅಂತ ಶುರುವಾಗುವ ಹತ್ತಂಕಿಯ ನಂಬರು. ಅಪ್ಪ ಅದನ್ನು ಮಾಮೂಲಿನಂತೆ ಎರಡೆರಡು ಅಂಕಿ ಬಿಡಿಸಿ, ಬಾಕಿ ವಸೂಲಿಯ ಮೊತ್ತ ಓದುವ ಧಾಟಿಯಲ್ಲಿ ದಾರಿಯುದ್ದಕ್ಕೂ ಉರು ಹೊಡೆದರು. ತೀನ್ ಕಂದೀಲ್ ಹತ್ತಿರ ಯಾರೋ ನಮಸ್ಕಾರ ಅಂದರು. ಅಪ್ಪ ತಿರುಗಿ ನಮಸ್ಕಾರ ಅಂದರು, ನಂಬರು ಮರೆತೇಹೋಯಿತು. ಮತ್ತೆ ಚೀಟಿ ತೆಗೆದು ಮೊದಲಿನಿಂದ.

ಮನೆಗೆ ಬಂದ ಮೊಬೈಲಿಗೆ ಜಾಗ ಎಲ್ಲಿ? ಇನ್ನೆಲ್ಲಿ, ಲ್ಯಾಂಡ್‌ಲೈನ್ ಪಕ್ಕದಲ್ಲೇ. ಅಮ್ಮ ಕ್ರೋಶಾದಲ್ಲಿ ಒಂದು ಪುಟ್ಟ ಬಟ್ಟೆ ಹೆಣೆದು ಅದಕ್ಕೂ ಹೊದಿಸಿದಳು. ದೊಡ್ಡದರ ಪಕ್ಕ ಚಿಕ್ಕದು, ಕೋಳಿ ಪಕ್ಕ ಮರಿ ಕೂತ ಹಾಗೆ. ಬೆಳಿಗ್ಗೆ ಗಂಜ್‌ಗೆ ಹೊರಟ ಅಪ್ಪ ಮೊಬೈಲನ್ನು ಅಲ್ಲೇ ಬಿಟ್ಟು ಹೋದರು. ಯಾಕೆ ಅಂದರೆ, "ನಾನು ಒಯ್ದರೆ ಮನ್ಯಾಗ ಫೋನ್ ಎತ್ತೋರು ಯಾರು?" ಎರಡು ವರ್ಷ ಆ ಮೊಬೈಲು ಹೊಸ್ತಿಲು ದಾಟಲಿಲ್ಲ. ಅದರ ಹೆಸರಿನ ಅರ್ಥ ಯಾರೂ ಅದಕ್ಕೆ ಹೇಳಿಕೊಟ್ಟಿರಲಿಲ್ಲ ಅನಿಸುತ್ತದೆ.

ಮೊದಲ ಸಂಜೆಯ ಪರೀಕ್ಷೆ ಮರೆಯುವಂಥದ್ದಲ್ಲ. ಅಪ್ಪ ಲ್ಯಾಂಡ್‌ಲೈನ್ ಎತ್ತಿ ಮೊಬೈಲಿಗೆ ಹಚ್ಚಿದರು. ಎರಡರ ನಡುವೆ ಒಂದು ಗೇಣು. ಮೊಬೈಲು ಕುಣಿಯತೊಡಗಿತು. ಅಮ್ಮ ಗಾಬರಿಯಾಗಿ ಅದನ್ನು ಎತ್ತಿಕೊಂಡು ಅಡುಗೆಮನೆಗೆ ಓಡಿದಳು.

"ಹಲೋ, ಯಾರು ಮಾತಾಡೋದು?" ಅಪ್ಪ.

"ನಾನ್ರೀ."

"ಎಲ್ಲಿಂದ?"

"ಇಲ್ಲೇ, ಒಲಿ ಮುಂದಿಂದ."

"ಊಟ ಆಯ್ತೇನು?"

"ನೀವು ಉಂಡಿಲ್ಲಲ್ರೀ, ನಾ ಹ್ಯಾಂಗ ಉಣ್ಣಲಿ?"

ಎದುರಾಬದುರು ಕೂತಾಗ ಹೀಗೆ ಅವರು ಮಾತಾಡಿದ್ದನ್ನು ನಾನಂತೂ ಕೇಳಿರಲಿಲ್ಲ. ಅಜ್ಜಿಗೂ ಹಾಗೇ ಅನಿಸಿರಬೇಕು. ನಡುಮನೆಯಿಂದ, "ಸಾಕು ಇಡ್ರೋ, ಬಿಲ್ ಬರ್ತದ" ಅಂದಳು. ಬಿಲ್ ಬಂದಾಗ ಅಪ್ಪ ಆ ಒಂದು ಕಾಲ್‌ನ ಪಕ್ಕ ಪೆನ್ಸಿಲ್‌ನಲ್ಲಿ 'ಮನೆ ಖರ್ಚು' ಅಂತ ಬರೆದಿಟ್ಟರು.

2003ರ ಮೇ ತಿಂಗಳಿನಿಂದ ಬರುವ ಕಾಲ್‌ಗೆ ದುಡ್ಡು ಕೊಡುವ ಕಾಟ ತಪ್ಪಿತು. ಮಿಸ್ಡ್ ಕಾಲ್ ಎಂಬ ಪುಕ್ಕಟೆ ಟಪಾಲು ಜೋರಾಯಿತು. ಅದರ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ, ಬಿಡಿ.

ತಾಯಿ-ಮರಿಯ ವ್ಯತ್ಯಾಸ ಗೊತ್ತಾಗಿದ್ದು ಬೇಸಿಗೆಯಲ್ಲಿ. ನಮ್ಮ ಊರಿಗೆ ಹತ್ತಿರದ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಸಿ ಕರೆಂಟು ಮಾಡುತ್ತಾರೆ. ಅದರ ಚಿಮಣಿ ದೂರದಿಂದಲೇ ಕಾಣುತ್ತದೆ. ಕರೆಂಟು ಮಾತ್ರ ಮೇ ತಿಂಗಳ ರಾತ್ರಿ ಕಾಣುತ್ತಿರಲಿಲ್ಲ. ಮೊಬೈಲು ಎರಡು ಸಲ ಕುಂಯ್ ಅಂದು ಕಣ್ಣು ಮುಚ್ಚುತ್ತಿತ್ತು. ಲ್ಯಾಂಡ್‌ಲೈನಿಗೆ ಮನೆಯ ಕರೆಂಟಿನ ಹಂಗಿರಲಿಲ್ಲ. ಎಕ್ಸ್‌ಚೇಂಜಿನ ದೊಡ್ಡ ಬ್ಯಾಟರಿಗಳಿಂದ 48 ವೋಲ್ಟು ಅದೇ ತಾಮ್ರದ ತಂತಿಯಲ್ಲಿ ಹರಿದು ಬರುತ್ತಿತ್ತು. ಕತ್ತಲಲ್ಲಿ ರಿಸೀವರ್ ಎತ್ತಿದರೆ ಕುರ್ರ್ ಅಂತ ಆ ಸದ್ದು. ಮಾಳಿಗೆಯ ಮೇಲೆ ಹಾಸಿಗೆ ಹಾಸುವ ಮುಂಚೆ ಅಪ್ಪ ಸುಮ್ನೆ ಒಮ್ಮೆ ಎತ್ತಿ ಕೇಳಿ ಇಡುತ್ತಿದ್ದರು. "ತಾಯಿ ಎಚ್ಚರದಾಳ" ಅನ್ನುತ್ತಿದ್ದರು. ಅಜ್ಜಿಯ ಮೂರು ಸೆಲ್ಲಿನ ಬ್ಯಾಟರಿ ಆಗ ನಮಗೆ ದಾರಿ ತೋರಿಸುತ್ತಿತ್ತು. ಅವಳು ಅದನ್ನು ನೆನಪಿಸದೆ ಬಿಡುತ್ತಿರಲಿಲ್ಲ.

ಈಗ ಅಜ್ಜಿ ಇಲ್ಲ. ಎದುರಿನ ಕಂಬವೂ ಇಲ್ಲ, ಎಮ್ಮೆಯೂ ಇಲ್ಲ. ನಾವು ಅಣ್ಣತಮ್ಮಂದಿರು ಬೇರೆ ಬೇರೆ ಊರು ಸೇರಿದ್ದೇವೆ. ಲ್ಯಾಂಡ್‌ಲೈನ್ ಮಾತ್ರ ಅದೇ ಜಾಗದಲ್ಲಿದೆ. ತೆಗೆಸೋಣ ಅಂದರೆ ಅಪ್ಪ ಕೇಳಿಸದವರಂತೆ ಪೇಪರ್ ತಿರುವುತ್ತಾರೆ.

2021ರ ಜನವರಿ 15ರಿಂದ ಹೊಸ ನಿಯಮ ಬಂತು. ಲ್ಯಾಂಡ್‌ಲೈನಿನಿಂದ ಯಾವ ಮೊಬೈಲಿಗೆ ಮಾಡುವುದಿದ್ದರೂ ಮುಂದೆ ಸೊನ್ನೆ ಸೇರಿಸಬೇಕು. ಇದರಿಂದ ಮುಂದಿನ ದಿನಗಳಿಗೆ 254 ಕೋಟಿ ಹೊಸ ನಂಬರು ಸಿಗುತ್ತವಂತೆ. ನಾನು ಫೋನಿನಲ್ಲೇ ಇದನ್ನೆಲ್ಲ ಅಪ್ಪನಿಗೆ ಬಿಡಿಸಿ ಹೇಳಿದೆ. ಎಲ್ಲ ಕೇಳಿ ಅವರು ಅಂದರು: "ಅಂದ್ರ, ತಾಯಿ ಮಗನ ಮನಿಗಿ ಹೋಗಬೇಕಾದ್ರ ಬಾಗಿಲು ಬಡೀಬೇಕು ಅನ್ನು."

ಅಮ್ಮ ಅಷ್ಟು ದೂರ ಯೋಚಿಸಲಿಲ್ಲ. ಅವತ್ತೇ ಮಧ್ಯಾಹ್ನ ನಂಬರಿನ ಡೈರಿ ಹಿಡಿದು ಕೂತಳಂತೆ. ಕೆಂಪು ಪೆನ್ನಿನಲ್ಲಿ ಎಲ್ಲ ನಂಬರಿನ ಮುಂದೆಯೂ ಒಂದೊಂದು ದುಂಡನೆ ಸೊನ್ನೆ ಇಟ್ಟಳು. ನನ್ನದಕ್ಕೆ, ತಮ್ಮನದಕ್ಕೆ, ಹಾಲಿನವನದಕ್ಕೆ. ಎರಡು ಮನೆ ಆಚೆ ಇರುವ ಡಾಕ್ಟರ ಲ್ಯಾಂಡ್‌ಲೈನಿಗೂ ಇಟ್ಟಿದ್ದಾಳೆ. ಅದು ಹತ್ತುವುದಿಲ್ಲ. ಬಿಪಿ ಗುಳಿಗೆ ಮುಗಿದಾಗಲೆಲ್ಲ ಈಗ ನಡೆದೇ ಹೋಗುತ್ತಾಳೆ.