ಅಪ್ಪನ ಮೆಟಡೋರ್ ಕಳಿಸಿಕೊಟ್ಟೆವು

ಹದಿಮೂರು ವರ್ಷದಿಂದ ನಮ್ಮ ಮನೆ ಪಕ್ಕದ ಖಾಲಿ ಜಾಗದಲ್ಲಿ ನಿಂತಿದ್ದ ಅಪ್ಪನ ಮೆಟಡೋರ್ ವ್ಯಾನು ಹೋದ ತಿಂಗಳು ಹೊರಟುಹೋಯಿತು. ಮಂಡ್ಯದ ನಮ್ಮ ಬೀದಿಗೆ ಅದೇ ಗುರುತಾಗಿತ್ತು. ಕೊರಿಯರ್ ಹುಡುಗರಿಗೂ "ಹಳೇ ವ್ಯಾನ್ ನಿಂತಿದೆಯಲ್ಲ, ಅದರ ಪಕ್ಕದ ಮನೆ" ಅಂತಲೇ ಹೇಳುತ್ತಿದ್ದೆವು. ಅದನ್ನು ಸರಿಯಾಗಿ ಕಳಿಸಿಕೊಡುವಷ್ಟರಲ್ಲಿ ಗೊತ್ತಾದ ವಿಷಯಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಬೀದಿಯಲ್ಲೂ ಇಂಥದ್ದೊಂದು ನಿಂತಿರಬಹುದು.

ಅಪ್ಪ ಅದನ್ನು ಬಾಡಿಗೆ ಓಡಿಸಲು ತಂದಿದ್ದಲ್ಲ. ವೈಟ್ ಬೋರ್ಡ್ ಗಾಡಿ. 1994ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡು, ಹಿಂದೆ ಎದುರುಬದುರು ಎರಡು ಉದ್ದ ಸೀಟು ಹಾಕಿಸಿದ. ಮೇಲೆ ಕ್ಯಾರಿಯರ್, ಅದಕ್ಕೆ ಹತ್ತಲು ಕಬ್ಬಿಣದ ಏಣಿ. ವೈರಮುಡಿಗೆ ಮೇಲುಕೋಟೆ, ಬೇಸಿಗೆ ರಜೆಗೆ ಧರ್ಮಸ್ಥಳ, ಕುಕ್ಕೆ, ವರ್ಷಕ್ಕೊಂದು ಸಲ ಮಾದಪ್ಪನ ಬೆಟ್ಟ. ಬಿಸಿಲು ಜಾಸ್ತಿಯಾದ ಭಾನುವಾರ ಬಲಮುರಿ. ಅತ್ತೆ, ಚಿಕ್ಕಪ್ಪ, ನಮ್ಮ ಜೊತೆಗೆ ಅಕ್ಕಪಕ್ಕದ ಮಕ್ಕಳೂ ಸೇರಿ ಹದಿನೈದು ಜನ. 2012ರಲ್ಲಿ ಎಂಜಿನ್ ಸೀಜ್ ಆಯಿತು. "ಮುಂದಿನ ತಿಂಗಳು ಮಾಡಿಸೋಣ" ಅಂದ ಅಪ್ಪ ಮೂರು ವರ್ಷದ ಮೇಲೆ ತೀರಿಕೊಂಡ. ಆಮೇಲೆ ಅದನ್ನು ಮುಟ್ಟಲು ಯಾರಿಗೂ ಮನಸ್ಸು ಬರಲಿಲ್ಲ. ಯಾರಾದರೂ ಕೇಳಿಕೊಂಡು ಬಂದರೆ ಅವ್ವನ ಉತ್ತರ ಒಂದೇ: "ಅದು ನಮ್ಮನೇರ ಗಾಡಿ. ಕೊಡಕ್ಕಿಲ್ಲ."

ಅವ್ವನ ಮಾತು ನನಗೂ ಸರಿ ಅಂತಲೇ ಇತ್ತು, 2024ರ ಮಳೆಗಾಲದವರೆಗೆ. ಆ ವರ್ಷ ಡೆಂಗಿ ಎಷ್ಟು ಹರಡಿತ್ತೆಂದರೆ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ನಮ್ಮ ಹಿಂದಿನ ಮನೆಯ ಆರು ವರ್ಷದ ಮಗು ಆಸ್ಪತ್ರೆ ಸೇರಿತ್ತು. ಮನೆಮನೆ ನೋಡುತ್ತಾ ಬಂದ ಆಶಾ ಕಾರ್ಯಕರ್ತೆ ನೇರವಾಗಿ ವ್ಯಾನಿನ ಹತ್ತಿರ ಹೋದರು. ಕ್ಯಾರಿಯರ್ ಮೇಲಿದ್ದ ಸ್ಟೆಪ್ನಿ ಟೈರಿನೊಳಗೆ ಟಾರ್ಚ್ ಬಿಟ್ಟು, "ಅಕ್ಕಾ, ಬನ್ನಿ ಇಲ್ಲಿ, ನೋಡಿ" ಅಂದರು. ನಿಂತ ನೀರಿನಲ್ಲಿ ಕೂದಲೆಳೆಯಷ್ಟು ಸಣ್ಣ ಹುಳುಗಳು ಕುಣಿಯುತ್ತಿದ್ದವು. ನೀರು ಚೆಲ್ಲಿದರಷ್ಟೇ ಸಾಲದಂತೆ. ಈಡಿಸ್ ಸೊಳ್ಳೆಯ ಮೊಟ್ಟೆ ಟೈರಿನ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ಬಿದ್ದರೆ ಮರಿಯಾಗುತ್ತದೆ. ಆ ಮಗುವಿಗೆ ನಮ್ಮ ಟೈರಿನ ಸೊಳ್ಳೆಯೇ ಕಚ್ಚಿದ್ದು ಅಂತ ಯಾರೂ ಹೇಳಲಿಲ್ಲ. ಅಲ್ಲ ಅಂತ ಹೇಳಲು ನನಗೂ ಬಾಯಿ ಬರಲಿಲ್ಲ.

ಮೊದಲು ಕರೆದಿದ್ದು ಗುಜರಿಯವರನ್ನು. ಅವರ ಬಗ್ಗೆ ನನಗೆ ಗೌರವ ಇದೆ. ಮರುಬಳಕೆ ಅನ್ನುವ ಪದ ನಾವು ಕೇಳುವ ಮೊದಲೇ ಆ ಕೆಲಸ ಮಾಡಿಕೊಂಡು ಬಂದವರು ಅವರು. ಬಂದವರು ಸುತ್ತ ಒಂದು ಸಲ ನೋಡಿ ಕೆಜಿ ಲೆಕ್ಕದಲ್ಲಿ ರೇಟು ಹೇಳಿದರು. ಗ್ಯಾಸ್ ಕಟರ್ ತಂದು ಇಲ್ಲೇ ಕತ್ತರಿಸಿಕೊಂಡು ಹೋಗ್ತೀವಿ ಅಂದರು. "ಒಳಗಿರೋ ಆಯಿಲ್ ಏನು ಮಾಡ್ತೀರಣ್ಣಾ?" ಅಂತ ಕೇಳಿದೆ. "ಮೋರಿಗೆ ಬಿಡೋದೇ ಮೇಡಂ, ಇನ್ನೇನು ಮಾಡೋಣ" ಅಂದರು. ಅದರಲ್ಲಿ ಮೋಸ ಇರಲಿಲ್ಲ. ಬೇರೆ ದಾರಿ ಇದೆ ಅಂತ ಅವರಿಗೆ ಯಾರೂ ತೋರಿಸಿಲ್ಲ. ಅವರ ಕೈಗೆ ಗ್ಲೌಸೂ ಇರಲಿಲ್ಲ.

ಆಮೇಲೆ ಅಪ್ಪನ ಕಾಲದ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆ. ಅವರು ಎಂಜಿನ್ ಕೆಳಗೆ ಬಾಂಡ್ಲಿ ಇಟ್ಟು ನಟ್ ಬಿಚ್ಚಿದರು. ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ಕೀಲೆಣ್ಣೆ ಥರ ಕಪ್ಪಗೆ, ಮಂದವಾಗಿ ಇಳಿಯಿತು. ಗೇರ್‌ಬಾಕ್ಸಿನದು ಬೇರೆ, ಬ್ರೇಕ್ ಆಯಿಲ್ ಬೇರೆ, ಟ್ಯಾಂಕಿನ ತಳದಲ್ಲಿ ಕೊಳೆತ ಡೀಸೆಲ್ ಬೇರೆ. ಒಂದೊಂದನ್ನೂ ಒಂದೊಂದು ಕ್ಯಾನಿಗೆ ತುಂಬಿ ಮುಚ್ಚಳ ಬಿಗಿದರು. ಬ್ಯಾಟರಿ ಟರ್ಮಿನಲ್ ಮೇಲೆ ಹಸಿರು-ಬಿಳಿ ಪುಡಿ ಕಟ್ಟಿತ್ತು. ನಾನು ಕೈ ಹಾಕಲು ಹೋದರೆ ತಡೆದರು. ಒಳಗಿರುವುದು ಸೀಸ ಮತ್ತು ಗಂಧಕಾಮ್ಲ. ಸೀಸ ಸ್ವಲ್ಪ ಮೈಗೆ ಸೇರಿದರೂ ಮಕ್ಕಳ ಮಿದುಳಿಗೆ ಏಟು. ಹಳೇ ಬ್ರೇಕ್ ಲೈನರ್‌ಗಳಲ್ಲಿ ಶ್ವಾಸಕೋಶ ಕೆಡಿಸುವ ಆಸ್‌ಬೆಸ್ಟಾಸ್ ಇರಬಹುದು, ಅದರ ದೂಳನ್ನು ಊದಬೇಡಿ ಅಂದರು. ಅದೇ ವ್ಯಾನಿನ ಕೆಳಗೆ ನನ್ನ ಮಕ್ಕಳು ಕಣ್ಣಾಮುಚ್ಚಾಲೆ ಆಡಿದ್ದಾರೆ. ಅಲ್ಲಿ ಯಾಕೆ ಒಂದು ಗರಿಕೆಯೂ ಹುಟ್ಟುವುದಿಲ್ಲ ಅಂತ ಅಷ್ಟು ವರ್ಷ ನಾನು ಯೋಚನೆಯನ್ನೇ ಮಾಡಿರಲಿಲ್ಲ.

ಟೈರಿನದು ಇನ್ನೊಂದು ಕಥೆ. ನಮ್ಮ ಕಡೆ ಕೆಲವು ಆಲೆಮನೆಗಳಲ್ಲಿ ಕಬ್ಬಿನ ಸಿಪ್ಪೆ ಸಾಲದಿದ್ದರೆ ಒಲೆಗೆ ಹಳೇ ಟೈರ್ ಹಾಕುತ್ತಾರೆ. ಕಪ್ಪು ಹೊಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಕೊಪ್ಪರಿಗೆಯಲ್ಲಿ ಕುದಿಯುವುದು ನಾವೇ ತಿನ್ನುವ ಬೆಲ್ಲ, ಅಲ್ವಾ? ಸುಮ್ನೆ ಯಾರಿಗೋ ಕೊಟ್ಟುಬಿಟ್ಟರೆ ನಮ್ಮ ಟೈರೂ ಅಲ್ಲಿಗೇ ಹೋಗುತ್ತಿತ್ತು.

ಇನ್ನು ಕಾಗದಪತ್ರ. ಇಲ್ಲೇ ಜಾಸ್ತಿ ಜನ ಎಡವುವುದು. ಗಾಡಿ ಕತ್ತರಿಸಿ ಮಾರಿದರೆ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ಆರ್‌ಟಿಒ ದಾಖಲೆಯಲ್ಲಿ ಅದು ನಮ್ಮ ಹೆಸರಿನಲ್ಲೇ ಉಳಿದಿರುತ್ತದೆ. ನಾಳೆ ಅದೇ ನಂಬರ್ ಪ್ಲೇಟು ಬೇರೆ ಗಾಡಿಗೆ ಏರಿದರೆ ಪೊಲೀಸರು ಬರುವುದು ನಮ್ಮ ಬಾಗಿಲಿಗೆ. ಗಾಡಿ ಇನ್ನೆಂದೂ ಓಡದ ಹಾಗಾದರೆ ಮಾಲೀಕರು 14 ದಿನದೊಳಗೆ, ಇಲ್ಲವೇ ಆದಷ್ಟು ಬೇಗ, ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು ಅಂತ 1988ರ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ನಮ್ಮದರಲ್ಲಿ ಇನ್ನೊಂದು ತೊಡಕು. ಆರ್‌ಸಿ ಅಪ್ಪನ ಹೆಸರಿನಲ್ಲೇ ಇತ್ತು. ಮಾಲೀಕ ತೀರಿಕೊಂಡರೆ 30 ದಿನದೊಳಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕು. ನಾವು ಹತ್ತು ವರ್ಷ ತಡ ಮಾಡಿದ್ದೆವು. ಮರಣ ಪ್ರಮಾಣಪತ್ರ, ವಂಶವೃಕ್ಷ, ಅಫಿಡವಿಟ್ ಅಂತ ಅಣ್ಣ ನಾಲ್ಕು ತಿಂಗಳು ಓಡಾಡಿದ. ದಯವಿಟ್ಟು ಈ ಒಂದು ಕೆಲಸ ಮುಂದಕ್ಕೆ ಹಾಕಬೇಡಿ.

ಹಳೇ ಗಾಡಿಗಳನ್ನು ಸರಿಯಾಗಿ ಬಿಚ್ಚಿ ವಿಲೇವಾರಿ ಮಾಡುವ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ಪೋರ್ಟಲ್‌ನಲ್ಲಿ ವಿ-ಸ್ಕ್ರ್ಯಾಪ್ ಅನ್ನುವ ವಿಭಾಗದಲ್ಲಿ ಅರ್ಜಿ ಹಾಕಬಹುದು. ಗಾಡಿ ಮೇಲೆ ಸಾಲ, ಕೇಸು ಇರಬಾರದು. ಗಾಡಿ ಒಪ್ಪಿಸಿದ ಮೇಲೆ ಅದಕ್ಕೆ ಸಾಕ್ಷಿಯಾಗಿ ಠೇವಣಿ ಪ್ರಮಾಣಪತ್ರ (ಸರ್ಟಿಫಿಕೇಟ್ ಆಫ್ ಡೆಪಾಸಿಟ್) ಸಿಗುತ್ತದೆ. ಅದನ್ನು ತೋರಿಸಿ ಹೊಸ ಗಾಡಿ ತಗೊಂಡರೆ ನೋಂದಣಿ ಶುಲ್ಕ ಇಲ್ಲ. ರಸ್ತೆ ತೆರಿಗೆಯಲ್ಲಿ ಖಾಸಗಿ ಗಾಡಿಗೆ ಶೇ. 25ರವರೆಗೆ, ಬಾಡಿಗೆ ಗಾಡಿಗೆ ಶೇ. 15ರವರೆಗೆ ರಿಯಾಯಿತಿ ಕೊಡಲು ಅವಕಾಶ ಇದೆ. ನಮಗೆ ಸಿಕ್ಕಿದ ಕೇಂದ್ರ ಬೆಂಗಳೂರಿನ ಆಚೆ ಇತ್ತು. ಟೋಯಿಂಗ್ ಖರ್ಚು ಕಳೆದರೆ ಗುಜರಿಯವರು ಹೇಳಿದ್ದಕ್ಕಿಂತ ಕಮ್ಮಿಯೇ ಕೈಗೆ ಬಂದಿದ್ದು. ಇದು ಬದಲಾಗಬೇಕು ಅಂತ ಗಟ್ಟಿಯಾಗಿ ಹೇಳುತ್ತೇನೆ. ಸರಿಯಾದ ಕೆಲಸ ಮಾಡಿದವರಿಗೆ ನಷ್ಟ ಆಗಬಾರದು. ನಮ್ಮ ಗುಜರಿ ಅಂಗಡಿಯವರಿಗೇ ತರಬೇತಿ, ಸಲಕರಣೆ ಕೊಟ್ಟು ಈ ವ್ಯವಸ್ಥೆಯೊಳಗೆ ಸೇರಿಸಿಕೊಂಡರೆ ಅವರ ಹೊಟ್ಟೆಪಾಡೂ ಉಳಿಯುತ್ತದೆ, ಮೋರಿಯೂ ಉಳಿಯುತ್ತದೆ.

ನಡುವೆ ಮೈಸೂರಿನಿಂದ ಇಬ್ಬರು ಹುಡುಗರು ಬಂದಿದ್ದರು. ವ್ಯಾನನ್ನು ಮಲಗಿಕೊಂಡು ಹೋಗುವ ಕ್ಯಾರವಾನ್ ಮಾಡುವ ಆಸೆ ಅವರದು. ಅವ್ವನ ಮುಖ ಅರಳಿತು. ಆದರೆ ಮೆಕ್ಯಾನಿಕ್ ಚಾಸಿಗೆ ಸ್ಕ್ರೂಡ್ರೈವರ್ ಒತ್ತಿದರು, ಅದು ತುಕ್ಕಿನೊಳಗೆ ಇಳಿದೇ ಹೋಯಿತು. ಇದರಲ್ಲಿ ಯಾರನ್ನೂ ಕೂರಿಸಬೇಡಿ ಅಂದರು. ಕ್ಯಾರವಾನ್ ಮಾಡಿಸುವವರಿಗೆ ನನ್ನದೊಂದು ಮಾತು. ಕಬ್ಬಿಣ ಕರಗಿ ಮತ್ತೆ ಕಬ್ಬಿಣ ಆಗುತ್ತದೆ. ಫೈಬರ್ ಶೀಟು ಹಾಗೆ ಕರಗುವುದಿಲ್ಲ. ಒಳಗೆ ಫೋಮು, ಪ್ಲೈವುಡ್ಡು ಎಲ್ಲ ಅಂಟಿಸಿಬಿಟ್ಟರೆ ಮುಂದೆ ಬಿಡಿಸಲು ಬಹಳ ಕಷ್ಟ. ನಟ್ಟು ಬೋಲ್ಟು ಹಾಕಿ ಕೂರಿಸಿ, ಬಿಚ್ಚುವ ದಿನಕ್ಕೆ ಅನುಕೂಲ ಆಗುತ್ತದೆ.

ಅವ್ವನನ್ನು ಒಪ್ಪಿಸಿದ್ದು ಒಂದು ಲೆಕ್ಕ. ಒಂದು ಟನ್ ಹಳೇ ಕಬ್ಬಿಣ ಕರಗಿಸಿದರೆ 1.1 ಟನ್ ಅದಿರು, ಉಕ್ಕು ಮಾಡಲು ಬಳಸುವ 630 ಕೆಜಿ ಕೋಕಿಂಗ್ ಕಲ್ಲಿದ್ದಲು ಉಳಿಯುತ್ತದೆ ಅಂತ 2019ರ ಉಕ್ಕು ಗುಜರಿ ನೀತಿಯಲ್ಲಿದೆ. ನಮ್ಮ ವ್ಯಾನು ಒಂದು ಟನ್ನಿಗೂ ಮೇಲೆ ತೂಗುತ್ತಿತ್ತು. "ಬಳ್ಳಾರಿ ಕಡೆ ಅಷ್ಟು ಗುಡ್ಡ ಅಗೆಯೋದು ತಪ್ಪುತ್ತೆ ಅವ್ವ" ಅಂದೆ. ಅವ್ವ ಮಾತಾಡಲಿಲ್ಲ. ಮಾರನೇ ದಿನ ಬೆಳಗ್ಗೆ ಅವಳೇ ವ್ಯಾನಿನೊಳಗೆ ಹತ್ತಿ, ಸೀಟಿನ ಕೆಳಗೆ, ಡ್ಯಾಶ್‌ಬೋರ್ಡಿನಲ್ಲಿ ಇದ್ದದ್ದನ್ನೆಲ್ಲ ಹೊರಗೆ ತೆಗೆದಳು. ಒಣಗಿ ಕಲ್ಲಾದ ನಿಂಬೆಹಣ್ಣು, ಅಪ್ಪನ ಕನ್ನಡಕದ ಡಬ್ಬಿ, ಒಂದು ಸ್ಟೀಲ್ ಲೋಟ.

ಹೋಗುವ ದಿನ ಅವ್ವ ಕುಂಕುಮ ಇಟ್ಟು, ಕಾಯಿ ಒಡೆದಳು. ಟೋಯಿಂಗ್ ಲಾರಿಯವರು ಅಷ್ಟು ಹೊತ್ತೂ ಚಪ್ಪಲಿ ಬಿಟ್ಟು ಪಕ್ಕದಲ್ಲಿ ನಿಂತಿದ್ದರು. ಕ್ಯಾರಿಯರ್ ಏಣಿ ಮಾತ್ರ ಬಿಚ್ಚಿಸಿ ಇಟ್ಟುಕೊಂಡೆವು, ಈಗ ಹಿತ್ತಲಿನಲ್ಲಿ ಅದಕ್ಕೆ ಮಲ್ಲಿಗೆ ಬಳ್ಳಿ ಹಬ್ಬಿಸಿದ್ದೇವೆ. ವ್ಯಾನು ನಿಂತಿದ್ದ ಜಾಗದಲ್ಲಿ ಅವರೆ ಹಾಕೋಣ ಅಂತಾಳೆ ಅವ್ವ. ಆ ಮಣ್ಣಲ್ಲಿ ಬೆಳೆದದ್ದನ್ನು ತಿನ್ನೋದು ಬೇಡ, ಸದ್ಯಕ್ಕೆ ಚೆಂಡು ಹೂ ಹಾಕು ಅಂದಿದ್ದೇನೆ.