ಮೈಕ್ ಲೀ ಹಾಕಿದ ವೋಟು ಯಾರಾದ್ರೂ ನೋಡಿದ್ದೀರಾ?

ನಿನ್ನೆ ಇಲ್ಲಿ ಅಮೆರಿಕದಲ್ಲಿ ನಮ್ಮ ಕನ್ನಡ ಕೂಟದ ಊಟದಲ್ಲಿ ಒಬ್ಬರು ಬಿಸಿಬೇಳೆಬಾತ್ ತಟ್ಟೆ ಹಿಡಿದುಕೊಂಡು ಜೋರಾಗಿ ಹೇಳುತ್ತಿದ್ದರು: "ಮೈಕ್ ಲೀ ಅಂದ್ರೆ ನಮ್ಮಂಥವರಿಗೆ ಶತ್ರು ನಂಬರ್ ಒನ್." ಲೀ ಅಂದ್ರೆ ಯೂಟಾ ರಾಜ್ಯದ ರಿಪಬ್ಲಿಕನ್ ಸೆನೆಟರ್. ಸುತ್ತ ನಿಂತವರೆಲ್ಲ ಹೌದು ಹೌದು ಅಂದರು. ಅದರಲ್ಲಿ ಅರ್ಧ ಜನ ಗ್ರೀನ್ ಕಾರ್ಡ್, ಅಂದರೆ ಇಲ್ಲಿ ಕಾಯಂ ಇರುವ ಪರವಾನಗಿ, ಅದರ ಸಾಲಿನಲ್ಲಿ ಇರುವವರು. ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲ ಸ್ವಾಮಿ, 2019ರಲ್ಲಿ ಇದೇ ಮನುಷ್ಯನ ಫೋಟೋ ಹಾಕಿ "ಥ್ಯಾಂಕ್ಯೂ ಸೆನೆಟರ್" ಅಂತ ವಾಟ್ಸಾಪ್ ತುಂಬ ಹಂಚಿದ್ದು ನೀವೇ ಅಲ್ವಾ?

ನನ್ನ ರಾಜಕೀಯ ನಿಮಗೆ ಗೊತ್ತೇ ಇದೆ. ಯೂಟಾದ ಈ ರಿಪಬ್ಲಿಕನ್ನರಿಗೂ ನನಗೂ ಎಣ್ಣೆ ಸೀಗೆಕಾಯಿ. ಅಪ್ಪ ರೆಕ್ಸ್ ಲೀ, ಅಧ್ಯಕ್ಷ ರೇಗನ್ ಕಾಲದ ಸಾಲಿಸಿಟರ್ ಜನರಲ್, ಅಂದರೆ ಸುಪ್ರೀಂ ಕೋರ್ಟಿನಲ್ಲಿ ಸರ್ಕಾರದ ವಕೀಲ. ಮಗ ಸುಪ್ರೀಂ ಕೋರ್ಟಿನ ಜಸ್ಟಿಸ್ ಅಲಿಟೋ ಕೈಕೆಳಗೆ ಕ್ಲರ್ಕ್ ಆಗಿದ್ದ ವಕೀಲ. 2010ರಲ್ಲಿ ಟೀ ಪಾರ್ಟಿ ಅನ್ನೋ ಬಲಪಂಥೀಯ ಚಳವಳಿಯ ಅಲೆಯಲ್ಲಿ ಬಾಬ್ ಬೆನೆಟ್‌ರಂಥ ಹಳೆಯ ಸೆನೆಟರ್‌ಗೇ ಸ್ವಂತ ಪಕ್ಷದವರು ಟಿಕೆಟ್ ತಪ್ಪಿಸಿದಾಗ ಆ ಜಾಗಕ್ಕೆ ಬಂದವರು. ಹೊಗಳಿಕೆ ನನ್ನ ಬಾಯಲ್ಲಿ ಅಷ್ಟು ಸುಲಭಕ್ಕೆ ಬರೋದಿಲ್ಲ. ಆದರೆ ಬೈಯೋದಕ್ಕೂ ಸ್ವಲ್ಪ ಓದಿಕೊಂಡು ಬರಬೇಕಲ್ಲ!

ಲೆಕ್ಕ ನೋಡಿ. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಒಂದೊಂದು ದೇಶಕ್ಕೆ ಶೇ. 7ರ ಮಿತಿ. ಐಸ್‌ಲ್ಯಾಂಡಿಗೂ ಅಷ್ಟೇ, ಭಾರತಕ್ಕೂ ಅಷ್ಟೇ. ಅದಕ್ಕೇ ನಮ್ಮವರ ಸಾಲು ಅಷ್ಟುದ್ದ. ಈ ಮಿತಿ ತೆಗೆಯೋಣ ಅಂತ 2019ರ ಫೆಬ್ರವರಿಯಲ್ಲಿ ಸೆನೆಟ್‌ನಲ್ಲಿ ಎಸ್ 386 ಮಸೂದೆ ತಂದದ್ದು ಇದೇ ಲೀ. ಜೊತೆಗಿದ್ದದ್ದು ಕಮಲಾ ಹ್ಯಾರಿಸ್. ಅದೇ ಥರದ ಮಸೂದೆ ಜುಲೈನಲ್ಲಿ ಕೆಳಮನೆಯಲ್ಲಿ 365-65ರಲ್ಲಿ ಪಾಸಾಯಿತು. ಸೆನೆಟ್‌ನಲ್ಲಿ ಲೀ ಎದ್ದು ನಿಂತು ಸರ್ವಾನುಮತ ಕೇಳಿದರು. ಅಲ್ಲಿ ಒಬ್ಬ ಬೇಡ ಅಂದರೆ ಸಾಕು, ಕಥೆ ಮುಗೀತು. ಒಂದು ಸಲ ಅವರದೇ ಪಕ್ಷದ ಡೇವಿಡ್ ಪರ್ಡ್ಯೂ ಬೇಡ ಅಂದರು. ಇನ್ನೊಂದು ಸಲ ನಾವೆಲ್ಲ ವಲಸಿಗರ ಬಂಧು ಅಂತ ತಲೆ ಮೇಲೆ ಹೊತ್ತುಕೊಂಡಿರುವ ಡೆಮಾಕ್ರಟ್ ಡಿಕ್ ಡರ್ಬಿನ್ ಬೇಡ ಅಂದರು. ಕೊನೆಗೆ ತಿದ್ದಿ ತೀಡಿ 2020ರ ಡಿಸೆಂಬರ್ 2ರಂದು ಸೆನೆಟ್‌ನಲ್ಲಿ ಪಾಸಾಯಿತು. ಆದರೆ ಎರಡೂ ಮನೆಗಳ ಮಸೂದೆ ಒಂದಾಗುವಷ್ಟರಲ್ಲಿ ಆ ಕಾಂಗ್ರೆಸ್ (ಇಲ್ಲಿನ ಸಂಸತ್ತು) ಅವಧಿಯೇ ಮುಗಿಯಿತು. ಸರ್ವಾನುಮತ ಆದ್ದರಿಂದ ಯಾರು ಹೌದು ಅಂದರು ಅನ್ನೋ ಪಟ್ಟಿಯೂ ಇಲ್ಲ. ಹಾಗಾಗಿ ಲೀ ನಮಗೆ ಮಾಡಿದ ಅತಿ ದೊಡ್ಡ ಕೆಲಸ ವೋಟಿನ ಪಟ್ಟಿಯಲ್ಲಿ ಸಿಗೋದೇ ಇಲ್ಲ.

"ಅದೆಲ್ಲ ಟೆಕ್ ಕಂಪನಿಗಳಿಗೋಸ್ಕರ ಮಾಡಿದ್ದು" ಅಂದರು ತಟ್ಟೆಯವರು. ಇರಲಿ ಬಿಡಿ. ಮಗಳಿಗೆ 21 ತುಂಬಿತು ಅಂತ ಅಪ್ಪನ ಅರ್ಜಿಯಿಂದ ಹೊರಗೆ ಬಿದ್ದ ಮನೆಯವರಿಗೆ ಯಾರಿಗೋಸ್ಕರ ಅನ್ನೋದು ಕಟ್ಟಿಕೊಂಡು ಏನಾಗಬೇಕು? ನನ್ನ ಕಾರ್ಡ್ ಬಂದು ಎಷ್ಟೋ ಕಾಲ ಆಯಿತು. ಆದರೂ ತಿಂಗಳು ತಿಂಗಳು ಯಾರ ಸರದಿ ಎಲ್ಲಿಗೆ ಬಂತು ಅಂತ ಸರ್ಕಾರ ಹಾಕುವ ವೀಸಾ ಬುಲೆಟಿನ್ ಬಂದ ಕೂಡಲೇ ಇಬಿ-2 (ಉನ್ನತ ಪದವಿಯವರ ವರ್ಗ) ಇಂಡಿಯಾ ಸಾಲು ನೋಡದೆ ಇರಲಾರೆ. ಹೆಂಡತಿ ನಗ್ತಾಳೆ. ಚಟ, ಏನು ಮಾಡೋದು.

ಹಾಗಂತ ಲೀಗೆ ಹಾರ ಹಾಕಿ ಅಂತ ನಾನು ಹೇಳ್ತಿಲ್ಲ. 2013ರ ಜೂನ್‌ನಲ್ಲಿ ದೊಡ್ಡ ವಲಸೆ ಸುಧಾರಣಾ ಮಸೂದೆ ಸೆನೆಟ್‌ನಲ್ಲಿ 68-32ರಲ್ಲಿ ಪಾಸಾಯಿತಲ್ಲ, ಅದರೊಳಗೂ ಉದ್ಯೋಗದ ಗ್ರೀನ್ ಕಾರ್ಡಿನ ದೇಶವಾರು ಮಿತಿ ತೆಗೆಯುವ ಅಂಶ ಇತ್ತು. ಲೀ ಅದಕ್ಕೆ 'ಇಲ್ಲ' ಅಂತ ವೋಟು ಹಾಕಿದರು. ಆ ಮಸೂದೆ ಬರೆದ ಎಂಟು ಜನರಲ್ಲಿ ಒಬ್ಬರು ಯಾರು ಗೊತ್ತಾ? ಇದೇ ಡರ್ಬಿನ್! ಆಗ ಹೌದು ಅಂದವರು ಆರು ವರ್ಷದ ಮೇಲೆ ಅಡ್ಡ ನಿಂತರು, ಇಲ್ಲ ಅಂದವರು ಹೊತ್ತು ತಿರುಗಿದರು. ಈಗ ಹೇಳಿ, ಯಾರು ಶತ್ರು? ಇದನ್ನು ಕೇಳಿದರೆ ಒಬ್ಬರ ಬಾಯಲ್ಲೂ ಉತ್ತರ ಇಲ್ಲ. ಯಾಕಂದ್ರೆ ಯಾರೂ ನೋಡಿಲ್ಲ. ಸೆನೆಟ್ ವೆಬ್‌ಸೈಟ್‌ನಲ್ಲಿ ಎಲ್ಲ ಸಿಗುತ್ತೆ, ಪುಕ್ಕಟೆ. ಕಾರು ಕೊಳ್ಳುವಾಗ ರಾತ್ರಿಯಿಡೀ ರಿವ್ಯೂ ಓದುವ ಇಂಜಿನಿಯರುಗಳು ನಾವು!

ಬೈಯಲೇಬೇಕಾ? ಸರಕಿಗೇನೂ ಬರ ಇಲ್ಲ. 2016ರಲ್ಲಿ ಟ್ರಂಪ್ ಕಣದಿಂದ ಹಿಂದೆ ಸರಿಯಲಿ ಅಂತ ವಿಡಿಯೋ ಮಾಡಿ, ಅಧ್ಯಕ್ಷ ಸ್ಥಾನಕ್ಕೆ ಸ್ವತಂತ್ರವಾಗಿ ನಿಂತಿದ್ದ ಇವಾನ್ ಮೆಕ್ಮಲಿನ್‌ಗೆ ವೋಟು ಹಾಕಿದರು. ನಾಲ್ಕೇ ವರ್ಷಕ್ಕೆ ಟ್ರಂಪ್ ರ‍್ಯಾಲಿಯಲ್ಲಿ ನಿಂತು, ತಮ್ಮ ಮಾರ್ಮನ್ ಧರ್ಮಗ್ರಂಥದ ವೀರ ಕ್ಯಾಪ್ಟನ್ ಮೊರೋನಿಗೆ ಅದೇ ಟ್ರಂಪ್‌ರನ್ನು ಹೋಲಿಸಿದರು. 2022ರಲ್ಲಿ ಅದೇ ಮೆಕ್ಮಲಿನ್ ಎದುರು ನಿಂತು ಗೆದ್ದರು. 2020ರ ಚುನಾವಣೆ ಆದ ಮೇಲೆ ಟ್ರಂಪ್ ಅವರ ಮುಖ್ಯ ಸಿಬ್ಬಂದಿ ಅಧಿಕಾರಿ ಮಾರ್ಕ್ ಮೆಡೋಸ್‌ಗೆ ಫಲಿತಾಂಶ ಪ್ರಶ್ನಿಸುವ ದಾರಿಗಳ ಬಗ್ಗೆ ಮೆಸೇಜ್ ಮೇಲೆ ಮೆಸೇಜ್ ಕಳಿಸಿದರು. ಆದರೆ 2021ರ ಜನವರಿ 6ರಂದು ಎರಡು ರಾಜ್ಯಗಳ ಫಲಿತಾಂಶದ ಮೇಲಿನ ಆಕ್ಷೇಪಗಳು ವೋಟಿಗೆ ಬಂದಾಗ ಎರಡಕ್ಕೂ ಬೇಡ ಅಂದರು. 2025ರಲ್ಲಿ ಸರ್ಕಾರಿ ಜಮೀನು ಮಾರಲು ಹೊರಟು, ಬೇಟೆಗಾರರು ತಿರುಗಿಬಿದ್ದ ಮೇಲೆ ವಾಪಸ್ ತೆಗೆದುಕೊಂಡರು.

ನನಗೆ ಇವತ್ತಿಗೂ ಸಹಿಸೋಕೆ ಆಗದೇ ಇರೋದು 2019ರ ಜುಲೈ 23ರ ವೋಟು. 2001ರ ಸೆಪ್ಟೆಂಬರ್ 11ರ ದಾಳಿಯ ಅವಶೇಷದ ದೂಳು ಕುಡಿದು ಕ್ಯಾನ್ಸರ್ ಬಂದ ಅಗ್ನಿಶಾಮಕದವರು, ಪೊಲೀಸರು, ಅವರ ಪರಿಹಾರ ನಿಧಿಯನ್ನು 2092ರವರೆಗೆ ಮುಂದುವರಿಸುವ ಮಸೂದೆ. 97 ಜನ ಹೌದು ಅಂದರು. ಇಲ್ಲ ಅಂದದ್ದು ಇಬ್ಬರೇ, ರ‍್ಯಾಂಡ್ ಪಾಲ್ ಮತ್ತು ಮೈಕ್ ಲೀ. ಖರ್ಚಿಗೆ ಮಿತಿ ಇಲ್ಲ ಅನ್ನೋದು ಲೀ ತಕರಾರು. ಸಾಯುತ್ತಿರುವವನ ಹತ್ತಿರ ಎಂಥ ಮಿತಿ ರೀ? ಅದಕ್ಕೆ ಬೈಯಿರಿ, ನಾನೂ ದನಿ ಸೇರಿಸ್ತೀನಿ.