ಲಿಂಕು ಎಲ್ಲಿಗೆ ಹೋಗುತ್ತೆ ಅಂತ ಮೊದಲೇ ತೋರಿಸಿ

ನಿನ್ನೆ ಸಂಜೆ ಸರಸ್ವತಿಪುರಂನಲ್ಲಿ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಕಾಫಿ ಬರೋ ಮೊದಲೇ ಫೋನ್ ಕೈಗಿಟ್ಟರು. "ನೋಡು, ಇವತ್ತೇ ಕೆವೈಸಿ ಮಾಡದಿದ್ರೆ ಪೆನ್ಷನ್ ಖಾತೆ ನಿಲ್ಲುತ್ತಂತೆ."

ಅದೊಂದು ಇಮೇಲ್. ಕಳಿಸಿದವರ ಜಾಗದಲ್ಲಿ ದಪ್ಪಕ್ಷರದಲ್ಲಿ ಅವರ ಬ್ಯಾಂಕಿನ ಹೆಸರು. ಅದರ ಮೇಲೆ ಒತ್ತಿದ ಮೇಲಷ್ಟೇ ನಿಜವಾದ ಇಮೇಲ್ ವಿಳಾಸ ಕಂಡದ್ದು. ಬ್ಯಾಂಕಿಗೂ ಅದಕ್ಕೂ ಸಂಬಂಧವೇ ಇಲ್ಲ. ಕೆಳಗೆ ನೀಲಿ ಅಕ್ಷರದಲ್ಲಿ ಬ್ಯಾಂಕಿನ ಸರಿಯಾದ ವೆಬ್ ವಿಳಾಸವನ್ನೇ ಬರೆದಿದ್ದರು. ಬೆರಳು ಒತ್ತಿ ಹಿಡಿದೆ. ಒಳಗಿದ್ದದ್ದು ಬೇರೆ ಯಾರದೋ ಡೊಮೇನ್, ಅಂದ್ರೆ ವಿಳಾಸದ ಮೂಲ ಹೆಸರು.

ನನಗೆ ಸಿಟ್ಟು ಬಂದದ್ದು ಅಲ್ಲೇ. ಕಳ್ಳ ಬರೆದುಕೊಂಡ ಹೆಸರು ದೊಡ್ಡದಾಗಿ ಕಾಣುತ್ತೆ, ಅವನ ವಿಳಾಸವನ್ನ ಮೇಲ್ ಆ್ಯಪ್ ಮರೆಯಲ್ಲಿಡುತ್ತೆ. ಯಾಕೆ?

ರಕ್ಷಣೆ ಏನೂ ಇಲ್ಲ ಅಂತಲ್ಲ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅಂತ, ಮೇಲ್ ಹೇಳಿಕೊಂಡ ಕಡೆಯಿಂದಲೇ ಬಂತಾ ಅಂತ ನೋಡೋ ಪರೀಕ್ಷೆಗಳಿವೆ. ಆದರೆ ಅವು ನೋಡೋದು ಡೊಮೇನನ್ನು, ಪಕ್ಕದ ಹೆಸರನ್ನಲ್ಲ. ಕಳ್ಳ ತನ್ನದೇ ಡೊಮೇನ್ ಕೊಂಡು ಕಳಿಸಿದರೆ ಮೂರರಲ್ಲೂ ಪಾಸಾಗಬಹುದು. ಜಿಮೇಲ್ ಅನುಮಾನ ಬಂದ ಮೇಲ್‌ಗೆ ಎಚ್ಚರಿಕೆಯ ಮಾತು ಅಂಟಿಸುತ್ತೆ, ಸರಿ. ಆದರೆ ಇವತ್ತು ಬೆಳಿಗ್ಗೆ ಹುಟ್ಟಿದ ನಕಲಿ ಪುಟ ಅದರ ಕಣ್ಣಿಗೆ ಇನ್ನೂ ಬಿದ್ದಿರದೇ ಇರಬಹುದು. ಔಟ್‌ಲುಕ್‌ನ ಸೇಫ್ ಲಿಂಕ್ಸ್ ಅನ್ನೋ ಸೌಲಭ್ಯ ಲಿಂಕು ಒತ್ತಿದ ಕ್ಷಣದಲ್ಲೇ ಪರೀಕ್ಷೆ ಮಾಡುತ್ತೆ, ಅದು ಒಳ್ಳೆಯದು. ಆದರೆ ಅದು ಲಿಂಕನ್ನೇ ತಿದ್ದಿ ಬರೆಯುವಾಗ ಮೂಲ ವಿಳಾಸ ಮೊಳದುದ್ದದ ಅಕ್ಷರಗಳೊಳಗೆ ಹೂತುಹೋಗುತ್ತೆ. ಓದಿ ನೋಡಲು ಕಲಿತವರಿಗೂ ಕಷ್ಟ.

ಕಂಪ್ಯೂಟರಿನ ಥಂಡರ್‌ಬರ್ಡ್ ಅನ್ನೋ ಮೇಲ್ ಆ್ಯಪ್ ನೋಡಿ. ಮೇಲೆ ಬರೆದ ವಿಳಾಸ ಒಂದು, ಹೋಗೋ ಜಾಗ ಇನ್ನೊಂದು ಆದರೆ ತಡೆದು ಕೇಳುತ್ತೆ. ಇಷ್ಟು ಸರಳವಾದದ್ದು ಚಿಕ್ಕಪ್ಪನ ಫೋನಿನಲ್ಲಿ ಯಾಕಿಲ್ಲ? ಮೌಸ್ ಇಟ್ಟು ನೋಡೋ ಸೌಕರ್ಯವೂ ಅಲ್ಲಿಲ್ಲ.

"ಜನ ಹುಷಾರಾಗಿರಬೇಕು" ಅಂತೀರಿ. ಒಪ್ಪಲ್ಲ. ಮೂವತ್ತು ವರ್ಷ ಕಚೇರಿ ಲೆಕ್ಕ ಬರೆದ ಮನುಷ್ಯ, ಒಂದು ಪೈಸೆ ಆಚೀಚೆ ಮಾಡಿದವರಲ್ಲ. ಅವರಿಗೆ ತೋರಿಸದೇ ಇದ್ದದ್ದನ್ನು ಅವರು ಹೇಗೆ ನೋಡಬೇಕು? ಎರಡು ವರ್ಷದ ಹಿಂದೆ ಇಂಥದ್ದೇ ಕೊರಿಯರ್ ಮೇಲ್ ನಂಬಿ ನಾನೇ ಪಾಸ್‌ವರ್ಡ್ ಕೊಟ್ಟಿದ್ದೆ. ಮನೆಯಲ್ಲಿ ಹೇಳಿರಲಿಲ್ಲ, ಇವತ್ತು ಹೇಳ್ತಿದೀನಿ. ಆ ರಾತ್ರಿ ನಿದ್ದೆ ಬಂದಿರಲಿಲ್ಲ.

ರಿಸರ್ವ್ ಬ್ಯಾಂಕ್ ನಮ್ಮ ಬ್ಯಾಂಕುಗಳಿಗೆಲ್ಲ 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಅಂತ ಕೊನೆಯಾಗೋ ವೆಬ್ ವಿಳಾಸಕ್ಕೆ ಬದಲಾಗಿ ಅಂತ ಹೇಳಿತ್ತು. ಒಳ್ಳೆ ಕೆಲಸ. ಆದರೆ ಆ ಬಾಲ ಕಣ್ಣಿಗೆ ಬಿದ್ದರೆ ತಾನೇ ಉಪಯೋಗ?

ಒತ್ತಿ ಹಿಡಿದು ನೋಡೋದನ್ನ ಚಿಕ್ಕಪ್ಪನಿಗೆ ಕಲಿಸಿದೆ. ದುಡ್ಡು ಹೋದರೆ ತಕ್ಷಣ ಕರೆ ಮಾಡಬೇಕಾದ 1930 ಅನ್ನೋ ನಂಬರನ್ನ ಚಿಕ್ಕಮ್ಮ ಅಡುಗೆಮನೆ ಕ್ಯಾಲೆಂಡರಿನಲ್ಲಿ, ಗ್ಯಾಸಿನವರ ನಂಬರಿನ ಪಕ್ಕ ಬರೆದುಕೊಂಡರು.